ಸರ್ವೆ ಕಲ್ಲಿಗೆ ಬಿನ್ನವತ್ತಳೆ

(ಎಮ್ಮಿಗನೂರಿನ ಹೊರಗೆ, ಹೆದ್ದಾರಿ ಬರಬೇಕಾಗಿರುವ ಕಡಲೆ ಹೊಲದ ಬದುವಿನ ಮೇಲೆ, ಜಾತ್ರೆ ಮುಗಿದ ವಾರದಲ್ಲಿ ನಡೆದ ಸನ್ಮಾನ ಸಮಾರಂಭದ ಅಭಿನಂದನಾ ಭಾಷಣ)

ಇಂದಿನ ಸಭೆಯ ಸನ್ಮಾನಿತರಾದ ಮಾನ್ಯ ಸರ್ವೆ ಕಲ್ಲಪ್ಪನವರೆ, ಅವರ ಎಡಬಲಕ್ಕೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆಸೀನರಾಗಿರುವ ಗಣ್ಯರೆ, ಪೈರು ತುಳಿಯಬಾರದೆಂದು ಬದುವಿನ ಮೇಲೇ ನಿಂತಿರುವ ಹಿರಿಯರೆ, ತಾಯಂದಿರೆ, ಹಸಿಗಡಲೆ ಕಿತ್ತು ತಿನ್ನುತ್ತಿರುವ ಮಕ್ಕಳೆ,

ಸನ್ಮಾನಿತರನ್ನು ಪರಿಚಯಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಇಂಥ ಸಭೆಗಳಲ್ಲಿ ಸನ್ಮಾನಿತರು ಏನೇನು ಸಾಧಿಸಿದರು ಎಂದು ಹೇಳುವಷ್ಟರಲ್ಲಿ ಭಾಷಣಕಾರರ ಗಂಟಲು ಒಣಗುತ್ತದೆ. ಕಲ್ಲಪ್ಪನವರು ನಮಗೆ ಆ ತೊಂದರೆ ಕೊಟ್ಟಿಲ್ಲ. ಅವರು ಏನೂ ಮಾಡಿಲ್ಲ. ನೆಲದ ಮೇಲೆ ಒಂದು ಮೊಳ, ನೆಲದೊಳಗೆ ಒಂದೂವರೆ ಮೊಳ, ತಲೆಗೆ ಹಳದಿ ಬಣ್ಣ, ಎದೆಯ ಮೇಲೆ ಒಂದು ಬಾಣದ ಗುರುತು, ಪಕ್ಕದಲ್ಲಿ ಯಾವುದೋ ಅಂಕಿ. ಅಂಕಿ ಮಳೆಗೆ ಹೋಯಿತು. ಬಾಣ ಇದೆ, ಆದರೆ ತುದಿ ಯಾವುದು ಬಾಲ ಯಾವುದು ಎಂದು ಹೇಳಲು ಈಗ ಯಾರಿಂದಲೂ ಆಗದು. ಅವರ ಮೇಲೆ ಕಾಗೆ ಕೂತಿದೆ, ಅವರಿಗೆ ಎಮ್ಮೆ ಕಟ್ಟಿದ್ದಾರೆ, ಕುಡುಗೋಲು ಮಸೆದಿದ್ದಾರೆ. ಯಾರ ಮೇಲೂ ಅವರು ದೂರು ಕೊಟ್ಟಿಲ್ಲ.

ಹಾಗಾದರೆ ಸನ್ಮಾನ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ. ಯಾಕೆಂದರೆ, ಹೆದ್ದಾರಿ ಎಂಬ ಈ ಮಹಾಕಾರ್ಯದಲ್ಲಿ ಬಾ ಎಂದ ದಿನ ಬಂದು, ನಿಲ್ಲು ಎಂದಲ್ಲಿ ನಿಂತು, ಇವತ್ತಿಗೂ ವರ್ಗಾವಣೆ ಕೇಳದೆ ಡ್ಯೂಟಿಯಲ್ಲಿರುವವರು ಇವರೊಬ್ಬರೇ. ಈ ದಾರಿಯಲ್ಲಿ ಕೆಲಸವೇ ಆಗಿಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ, ಹೇಳಿದರೆ ಪಾಪ ಬರುತ್ತದೆ. ಅಲ್ಲೊಂದು ತುಂಡು ಅಗಲವಾಗಿದೆ, ಇಲ್ಲೊಂದು ತುಂಡಿಗೆ ಡಾಂಬರು ಬಿದ್ದಿದೆ. ಒಳ್ಳೆಯ ತುಂಡಿನ ಮೇಲೆ ವೇಗ ಹಿಡಿದ ಲಾರಿ, ತುಂಡು ಮುಗಿದಲ್ಲಿ ಏನು ಮಾಡುತ್ತದೆ ಎಂಬುದನ್ನು ಕಲ್ಲಪ್ಪನವರು ಹತ್ತಿರದಿಂದ ನೋಡಿದ್ದಾರೆ. ಆ ವಿಷಯ ಸನ್ಮಾನ ಸಭೆಗೆ ತಕ್ಕದ್ದಲ್ಲ.

ಸನ್ಮಾನಿತರ ವಂಶಾವಳಿಯನ್ನು ಸಭೆಗೆ ಅರಿಕೆ ಮಾಡಿಕೊಳ್ಳುತ್ತೇನೆ. ಇವರು ಸೇರಿದ ದಾರಿ ಬಳ್ಳಾರಿಯ ಆಚೆ ಹಗರಿಯ ಹತ್ತಿರ 67ನೇ ರಾಷ್ಟ್ರೀಯ ಹೆದ್ದಾರಿಯಿಂದ ಕವಲೊಡೆಯುತ್ತದೆ. ಆಲೂರು, ಆದೋನಿ, ನಮ್ಮ ಎಮ್ಮಿಗನೂರು ದಾಟಿ, ಮಾಧವರಂ ಬಳಿ ತುಂಗಭದ್ರೆ ಹಾಯ್ದು, ರಾಯಚೂರು, ಮಹಬೂಬ್‌ನಗರ, ಜಡ್ಚರ್ಲಗಳ ಮೇಲೆ ಕೋದಾಡದವರೆಗೆ ಹೋಗುತ್ತದೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರಿನ ಪದ್ಧತಿ ಬಂತು. ದೊಡ್ಡ ಹೆದ್ದಾರಿಗೆ ಒಂದು ಇಲ್ಲವೆ ಎರಡು ಅಂಕಿ, ಅದರ ಕವಲಿಗೆ ಆ ನಂಬರಿನ ಎಡಕ್ಕೆ ಇನ್ನೊಂದು ಅಂಕಿ. ಆ ಲೆಕ್ಕದಲ್ಲಿ ನಮ್ಮದು 167. ನಂಬರು ಬಂತು ನೋಡಿ, ಆ ನಂಬರಿನ ಬೋರ್ಡು ಎಷ್ಟು ಚೆನ್ನಾಗಿದೆ! ಅದರ ಕೆಳಗೆ ನಿಂತು ಗುಂಡಿ ಎಣಿಸುವಾಗ, ಇದು ರಾಷ್ಟ್ರೀಯ ಗುಂಡಿ ಎಂಬ ಹೆಮ್ಮೆ ನಮಗೆ ಆಗದೆ ಇರುವುದಿಲ್ಲ.

ಬಳ್ಳಾರಿಯಿಂದ ಹೊರಟ ಕನ್ನಡಿಗರು ಹಗರಿಯ ಆಚೆ ಕರ್ನಾಟಕ ಬಿಟ್ಟು, ರಾಯಚೂರಿನ ಕಡೆ ಮತ್ತೆ ಕರ್ನಾಟಕಕ್ಕೆ ಸೇರುತ್ತಾರೆ. ನಡುವೆ ಆಂಧ್ರದಲ್ಲಿ ಇರುವವರು ನಾವು. 1953ಕ್ಕೆ ಮೊದಲು ಈ ನಡು ಎಂಬುದೇ ಇರಲಿಲ್ಲ. ಎಮ್ಮಿಗನೂರು ಆದೋನಿ ತಾಲ್ಲೂಕು, ಆದೋನಿ ಬಳ್ಳಾರಿ ಜಿಲ್ಲೆ. ಕೋರ್ಟಿಗೆ, ಕಚೇರಿಗೆ, ಕಾಲೇಜಿಗೆ ಬಳ್ಳಾರಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಮೂರು ತಾಲ್ಲೂಕು ಈಚೆಗೆ ಬಂದವು. ಆದೋನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ. ಉಳಿದದ್ದು ಮೈಸೂರಿಗೆ ಹೋಯಿತು. ಕರ್ನೂಲು ರಾಜಧಾನಿಯಾಯಿತು, ಅಂದರೆ ನಾವು ಮೂರು ವರ್ಷ ರಾಜಧಾನಿ ಜಿಲ್ಲೆಯವರು. 1956ರಲ್ಲಿ ರಾಜಧಾನಿ ಹೈದರಾಬಾದಿಗೆ ಎದ್ದು ಹೋಯಿತು. ಅದೇ ವರ್ಷ, ಹೊಳೆಯಾಚೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಮೈಸೂರಿಗೆ ಸೇರಿತು. 2014ರಲ್ಲಿ ತೆಲಂಗಾಣ ಬೇರೆಯಾಯಿತು, ರಾಜಧಾನಿ ಇನ್ನೊಮ್ಮೆ ಎದ್ದಿತು. 2022ರಲ್ಲಿ ಕರ್ನೂಲಿನಿಂದ ನಂದ್ಯಾಲ ಪಾಲಾಯಿತು. ಆದೋನಿಯೇ ಜಿಲ್ಲೆಯಾಗಲಿ ಎಂಬ ಕೂಗು ಈಗಲೂ ಇದೆ.

ಇಷ್ಟೆಲ್ಲ ಆಗುವಾಗ ದಾರಿ ಒಂದಿಂಚೂ ಕದಲಲಿಲ್ಲ. ಸರ್ಕಾರಗಳೇ ಅದರ ಮೇಲೆ ಓಡಾಡಿದವು. ಹೊಸ ರಾಜ್ಯ ಬಂದಾಗಲೆಲ್ಲ ಹಳೆಯ ರಾಜ್ಯದ ಕಡತ ಹೊಸ ಕಪಾಟಿಗೆ ಹೋಗುತ್ತದೆ. ಗಡಿಯ ದಾರಿಗೆ ಇರುವ ದೊಡ್ಡ ಕಾಯಿಲೆ ಇದೇ ಎಂದು ನನ್ನ ಅನಿಸಿಕೆ. ರಾಜ್ಯದ ನಡುವೆ ಹೋಗುವ ರಸ್ತೆಯನ್ನು ಎರಡೂ ತುದಿಯಿಂದ ಎಳೆಯುವವರು ಇರುತ್ತಾರೆ. ಗಡಿಗೆ ಬಂದು ಮುಟ್ಟುವ ರಸ್ತೆ ಎಲ್ಲ ಭೂಪಟದಲ್ಲೂ ಅಂಚಿಗೆ ಬೀಳುತ್ತದೆ, ಅಂಚಿನಲ್ಲಿ ಪಿನ್ನು ಚುಚ್ಚುವುದು ರೂಢಿ.

ಇಲ್ಲಿ ರೈಲಿನ ಮಾತನ್ನು ಎತ್ತದಿದ್ದರೆ ಆದೋನಿಯವರು ಬೇಸರಪಡುತ್ತಾರೆ. ಮದ್ರಾಸ್ ಕಡೆಯ ಹಳಿ, ಮುಂಬಯಿ ಕಡೆಯ ಹಳಿ ರಾಯಚೂರಿನಲ್ಲಿ ಕೈಕುಲುಕಿದ್ದು 1871ರಲ್ಲಿ. ಆ ಹಳಿ ಆದೋನಿಗೆ ಬಂತು, ಮಂತ್ರಾಲಯಂ ರೋಡಿಗೆ ಬಂತು, ಎಮ್ಮಿಗನೂರನ್ನು ಮಾತ್ರ ಪಕ್ಕಕ್ಕೆ ಬಿಟ್ಟಿತು. ಆದ್ದರಿಂದ ಈ ಊರು ನೇಯ್ದ ಬಟ್ಟೆ, ಬೆಳೆದ ಹತ್ತಿ, ಹೆತ್ತ ಮಕ್ಕಳು ಎಲ್ಲವೂ ಊರು ಬಿಡುವುದು ರಸ್ತೆಯ ಮೇಲೆಯೇ.

ಈಗ ಭೂಸ್ವಾಧೀನ. ಸನ್ಮಾನಿತರ ವೃತ್ತಿಯೇ ಅದು. ನಮ್ಮ ಸೀಮೆಗೆ ಈ ವಿಷಯದಲ್ಲಿ ದೊಡ್ಡ ಪರಂಪರೆ ಇದೆ. ಆದೋನಿಯ ನವಾಬ ಸಿದ್ದಿ ಮಸೂದ್ ಖಾನನು ರಾಘವೇಂದ್ರ ಸ್ವಾಮಿಗಳಿಗೆ ಊರು ಕೊಡುತ್ತೇನೆ ಎಂದಾಗ, ರಾಯರು ತುಂಗಭದ್ರೆಯ ದಡದ ಮಂಚಾಲೆಯನ್ನೇ, ಅಂದರೆ ಇಂದಿನ ಮಂತ್ರಾಲಯವನ್ನೇ, ಕೇಳಿದರಂತೆ. ಅದು ಬರಡು, ಫಲವತ್ತಾದ ಬೇರೆ ಊರು ಕೊಡುತ್ತೇನೆ ಎಂದರೂ ಇಲ್ಲ, ಇದೇ ಬೇಕು ಎಂದರಂತೆ. ಇದನ್ನು ಇಂದಿನ ಎಂಜಿನಿಯರುಗಳು ಗಮನಿಸಬೇಕು: ಒಂದೇ ಅಲೈನ್‌ಮೆಂಟ್, ಎರಡನೆಯ ಆಯ್ಕೆಯ ವರದಿ ಇಲ್ಲ, ಕನ್ಸಲ್ಟೆಂಟ್ ಇಲ್ಲ. ದಿವಾನ ವೆಂಕಣ್ಣ ಕಾಗದ ಬರೆದ, ಊರು ಬಂತು. 1671ರಲ್ಲಿ ರಾಯರು ಅಲ್ಲಿ ಬೃಂದಾವನಸ್ಥರಾದರು.

ಮುಂದೆ 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಸಾಹೇಬ ಮಠದ ಇನಾಮು ಜಮೀನಿನ ವಿಚಾರಣೆಗೆ ಮಂತ್ರಾಲಯಕ್ಕೆ ಹೋದನಂತೆ. ಬೂಟು ಬಿಚ್ಚಿ, ಟೋಪಿ ತೆಗೆದು ಒಳಗೆ ಹೋದವನು ಬೃಂದಾವನದ ಎದುರು ನಿಂತು ಯಾರ ಜೊತೆಗೋ ಮಾತಾಡಿದನಂತೆ. ಮಾತು ಬೇರೆ ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಂದು ಜಮೀನು ಮಠಕ್ಕೇ ಇರಲಿ ಎಂದು ಬರೆದನಂತೆ. ಕೇಳಿದ ಕತೆಯನ್ನು ನಾನು ಹಾಗೆಯೇ ಒಪ್ಪಿಸುತ್ತಿದ್ದೇನೆ. ಆಕ್ಷೇಪಣೆಯ ವಿಚಾರಣೆ ಇಷ್ಟು ಬೇಗ ಮುಗಿದು, ಜಮೀನುದಾರರಿಗೆ ಇಷ್ಟು ಅನುಕೂಲವಾದ ಆದೇಶ ಬಂದದ್ದು ಈ ಸೀಮೆಯಲ್ಲಿ ಅದೇ ಕೊನೆ.

ಈಗಿನದು 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ. ಹುಟ್ಟುವ ಮಗುವಿಗೆ ಹದಿನಾರು ಸಂಸ್ಕಾರ ಹೇಳಿದ್ದಾರಲ್ಲ, ಹೆದ್ದಾರಿಗೆ ಅವೆಲ್ಲ ಹುಟ್ಟುವ ಮೊದಲೇ ಆಗಬೇಕು. ಮೊದಲನೆಯದು ಸೆಕ್ಷನ್ 3ಎ. ಇಂತಿಂಥ ಸರ್ವೆ ನಂಬರಿನ ಜಮೀನು ಬೇಕೆಂಬ ಇಚ್ಛೆ ಇದೆ ಎಂದು ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸುತ್ತದೆ. ಇಚ್ಛೆ ಮಾತ್ರ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಇಲ್ಲಿ ಸ್ಥಳೀಯ ಎಂದರೆ ತೆಲುಗು, ಅದು ಸರಿಯೇ. ಮನೆಯಲ್ಲಿ ಕನ್ನಡ ಆಡುವ ನಮ್ಮ ಅಜ್ಜಂದಿರು ಮೊಮ್ಮಗನ ಕೈಯಲ್ಲಿ ಓದಿಸಿ, ಸರ್ವೆ ನಂಬರು ಕೇಳಿದೊಡನೆ 'ಅದು ನಮ್ಮದೇನೋ?' ಎನ್ನುತ್ತಾರೆ. ಆಮೇಲೆ 3ಸಿ, ಆಕ್ಷೇಪಣೆಗೆ 21 ದಿನ. ಆಮೇಲೆ 3ಡಿ, ಅಲ್ಲಿಗೆ ಜಮೀನು ಕಾಗದದ ಮೇಲೆ ಕೇಂದ್ರ ಸರ್ಕಾರದ್ದು. ಆಮೇಲೆ 3ಜಿ, ಹಣ ಎಷ್ಟೆಂದು ಕಟ್ಟುವುದು. 3ಎಚ್, ಆ ಹಣ ತಂದು ಇಡುವುದು. ಅಲ್ಲಿಗೆ ಕಲ್ಲಪ್ಪನವರ ಆಚೆಗಿನ ಕಡಲೆ ಯಾರದು, ಈಚೆಗಿನ ಕಡಲೆ ಯಾರದು ಎಂಬುದು ತೀರ್ಮಾನವಾಗುತ್ತದೆ.

ಈ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಒಂದಿದೆ. 3ಎ ಆದ ಒಂದು ವರ್ಷದೊಳಗೆ 3ಡಿ ಆಗದಿದ್ದರೆ 3ಎ ತಾನಾಗಿ ಬಿದ್ದುಹೋಗುತ್ತದೆ. ಅಂದರೆ ಸರ್ಕಾರದ ಇಚ್ಛೆಗೆ ಆಯುಸ್ಸು ಒಂದು ವರ್ಷ. ರೈತನನ್ನು ಕಾಪಾಡಲು ಇಟ್ಟ ನಿಯಮವಿದು, ತುಂಬಾ ಒಳ್ಳೆಯದು. ಆದರೆ ಇಚ್ಛೆ ಸತ್ತರೂ ಕಲ್ಲು ಸಾಯುವುದಿಲ್ಲ. ಕಲ್ಲನ್ನು ಕೀಳಿ ಎಂದು ಯಾವ ಸೆಕ್ಷನ್ನೂ ಹೇಳುವುದಿಲ್ಲ. ಹೊಲ ಕೊಳ್ಳಲು ಬಂದವನು ಕಲ್ಲು ನೋಡುತ್ತಾನೆ, ತಿರುಗಿ ಹೋಗುತ್ತಾನೆ. ಕೊಳವೆ ಬಾವಿಗೆ ಸಾಲ ಕೇಳಲು ಹೋದರೆ, ಹೆದ್ದಾರಿಗೆ ಹೋಗುವ ಜಮೀನಲ್ಲವೇ ಎಂಬ ಪ್ರಶ್ನೆ. ಮಗಳ ಮದುವೆಗೆಂದು ಮಾರುವ ಹಾಗಿಲ್ಲ, ಹೋಗಲಿ ಎಂದು ಮಾವಿನ ಸಸಿ ನೆಡುವ ಧೈರ್ಯವೂ ಇಲ್ಲ. ಏನೂ ಮಾಡದ ಕಲ್ಲಪ್ಪನವರು ಒಂದು ಸಂಸಾರದ ಹತ್ತೆಂಟು ತೀರ್ಮಾನಗಳನ್ನು ಹೀಗೆ ಕೂತಲ್ಲೇ ಹಿಡಿದು ನಿಲ್ಲಿಸಬಲ್ಲರು. ಅವರ ಸಾಮರ್ಥ್ಯವನ್ನು ಕಡಿಮೆ ಎಣಿಸಬಾರದು.

ಪರಿಹಾರದ ಮಾತು ಬಂತಲ್ಲ, ನಮ್ಮ ಪಾಲಿನ ತಪ್ಪನ್ನೂ ಹೇಳಿಬಿಡೋಣ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ 2015ರ ಜನವರಿಯಿಂದ ಹೆದ್ದಾರಿಗಳಿಗೂ ಬಂದಿದೆ. ಮಾರುಕಟ್ಟೆಯ ಬೆಲೆ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ಆದರೆ ಮಾರುಕಟ್ಟೆಯ ಬೆಲೆಯನ್ನು ನೋಡುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಕಾಗದದಲ್ಲಿ. ಸ್ಟಾಂಪಿನ ಖರ್ಚು ಉಳಿಸಲು ನಾವೇ ಅಲ್ಲಿ ಹತ್ತನ್ನು ನಾಲ್ಕು ಎಂದು ಬರೆಸಿರುತ್ತೇವೆ. ಅಡಂಗಲ್ಲಿನಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ತಾತನ ಹೆಸರು. ತಾತ ಹೋಗಿ ಎಷ್ಟೋ ಕಾಲವಾಯಿತು, ಮೂವರು ಮಕ್ಕಳು, ಒಬ್ಬ ಆದೋನಿಯ ಹತ್ತಿ ಮಿಲ್ಲಿನಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಮೂರನೆಯವನಿಗೂ ಮೊದಲಿಬ್ಬರಿಗೂ ಮಾತಿಲ್ಲ. ಸಹಿ ಮಾತ್ರ ಮೂವರದೂ ಬೇಕು.

ಎಲ್ಲ ಮುಗಿದು ಕೆಲಸ ಶುರುವಾಯಿತು ಎನ್ನಿ. ಆಗ ಈ ಮಣ್ಣು ಮಾತಾಡಲು ಶುರು ಮಾಡುತ್ತದೆ. ನೀವು ನಿಂತಿರುವುದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಇದು ತಾಯಿ. ರಸ್ತೆಗೆ ಮಾತ್ರ ಮಲತಾಯಿ. ಭಾರ ಹೊರುವ ಶಕ್ತಿಯನ್ನು ಎಂಜಿನಿಯರುಗಳು ಸಿಬಿಆರ್ ಎಂದು ಅಳೆಯುತ್ತಾರೆ. ನೀರು ಕುಡಿದ ಎರೆಯಲ್ಲಿ ಅದು ಪಾತಾಳಕ್ಕೆ ಇಳಿಯುತ್ತದೆ. ಮೇಲಿನ ಎರೆ ತೆಗೆದು ಗರಸು ತುಂಬಬೇಕು, ಇಲ್ಲವೆ ಸುಣ್ಣ ಬೆರೆಸಿ ಪಳಗಿಸಬೇಕು, ಎರಡೂ ಬದಿಗೆ ನೀರು ಹರಿದು ಹೋಗಲು ಜಾಗ ಕೊಡಬೇಕು. ಇದು ಗುಟ್ಟೇನಲ್ಲ, ಪಾಠದ ಪುಸ್ತಕದಲ್ಲಿದೆ. ಗಾಡಿಗಿಂತ ಹೆಚ್ಚಾಗಿ ರಸ್ತೆಯನ್ನು ಹಾಳು ಮಾಡುವುದು ನೀರು. ಆದರೂ ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಬದಿಯ ಚರಂಡಿಗೇ. ಚರಂಡಿಯನ್ನು ಉದ್ಘಾಟಿಸಲು ಯಾರೂ ರಿಬ್ಬನ್ನು ಕತ್ತರಿಸುವುದಿಲ್ಲವಲ್ಲ.

ಈಗ ಬಂದಿರುವ ಶುಭಾಶಯ ಸಂದೇಶಗಳನ್ನು ಓದುತ್ತೇನೆ.

ಮೊದಲನೆಯದು ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಕಲ್ಲುಗಳಿಂದ: 'ತಮ್ಮನಿಗೆ ಆಶೀರ್ವಾದ. ನಮ್ಮ ಮೊದಲ ಅಧಿಸೂಚನೆ 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಸುಮಾರು 73 ಕಿಲೋಮೀಟರ್. ನಮ್ಮ ಹೊಲದವರು ಮನೆ ಕಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂದು ಕೂತೇ ಮುದುಕರಾದರು. ರಸ್ತೆ ಬರಲಿಲ್ಲ, ಹೊಸ ಹೆಸರು ಬಂದಿದೆ. ಈಗ ನಾವು ಬೆಂಗಳೂರು ಬ್ಯುಸಿನೆಸ್ ಕಾರಿಡಾರ್. ನಿನಗೂ ಒಳ್ಳೆಯ ಹೆಸರು ಸಿಗಲಿ.'

ಎರಡನೆಯದು ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯಿಂದ: 'ನಾನು ಮುಗಿದೆ. ಹತ್ತು ವರ್ಷದ ಮೇಲೆ, 2020ರ ಜನವರಿ 31ರಂದು. ಅಷ್ಟರೊಳಗೆ ನನ್ನ ಮೇಲೆ ಹುಟ್ಟಿದ ನಗೆಹನಿಗಳನ್ನು ಒಟ್ಟು ಮಾಡಿದ್ದರೆ ನನಗಿಂತ ಉದ್ದವಾಗುತ್ತಿತ್ತು. ಮುಗಿದ ಮೇಲೆ ಯಾರೂ ನನ್ನನ್ನು ನೆನೆಯುವುದಿಲ್ಲ. ಅವಸರ ಮಾಡಬೇಡ.' ಮಂಗಳೂರಿನವರಿಗೆ ನಗೆಚಾಟಿಕೆ ಮಾಡಲು ಫೋನಿತ್ತು, ಪತ್ರಿಕೆಗಳಿದ್ದವು. ನಮ್ಮ ಕಲ್ಲಪ್ಪನವರ ಮೇಲೆ ಒಂದು ಜೋಕೂ ಹುಟ್ಟಲಿಲ್ಲ. ಅದನ್ನು ಸರಿಪಡಿಸಲೆಂದೇ ಈ ಸಭೆ.

ಮೂರನೆಯದು ಸ್ವಲ್ಪ ಒರಟಾಗಿದೆ, ಹಿರಿಯರದು, ಓದಲೇಬೇಕು. ಹೊಸಪೇಟೆಯ ಹತ್ತಿರದ ಎರಡು ಶಂಕುಸ್ಥಾಪನೆಯ ಕಲ್ಲುಗಳು ಬರೆದಿವೆ: 'ನಮ್ಮನ್ನು ಇಟ್ಟದ್ದು 1945ರ ಫೆಬ್ರವರಿ 28ರಂದು. ಹೊಳೆಯ ಒಂದು ದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಇನ್ನೊಂದು ದಡದಲ್ಲಿ ನಿಜಾಮನ ಮಗ ಬೇರಾರ್ ರಾಜಕುಮಾರ. ಎರಡು ಸರ್ಕಾರಗಳಿಗೂ ಪರಸ್ಪರ ಸರಿಯಿರಲಿಲ್ಲ. ನಡುವೆ ಬ್ರಿಟಿಷರು ಹೋದರು, ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮನ ಆಳ್ವಿಕೆಯೂ ಹೋಯಿತು. ಆದರೂ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯಿತು. ಅಲ್ಲಿಂದ ಹೊರಟ ಕೆಳಮಟ್ಟದ ಕಾಲುವೆಯ ನೀರು ಇವತ್ತು ನಿಮ್ಮ ಸೀಮೆಗೂ ಬರುತ್ತದೆ. ಎರಡು ರಾಜ್ಯವೆಂದು, ಗಡಿಯೆಂದು, ಸರ್ಕಾರ ಬದಲಾಯಿತೆಂದು ನಿಮ್ಮವರು ಹೇಳುತ್ತಿದ್ದಾರಂತೆ. ಹೌದೇ?'

ಉತ್ತರ ಬರೆಯುವ ಕೆಲಸವನ್ನು ಸನ್ಮಾನ ಸಮಿತಿ ಮುಂದಿನ ಸಭೆಗೆ ಇಟ್ಟುಕೊಂಡಿದೆ.

ಗಣ್ಯರು ಗಡಿಯಾರ ನೋಡುತ್ತಿದ್ದಾರೆ. ಶಾಲು ಹೊದಿಸುವ ಮೊದಲು ಅದರ ಮಾತು ಒಂದಿಷ್ಟು. ಅದು ನಮ್ಮೂರಿನ ಮಗ್ಗದ್ದು. ಬರಗಾಲದಲ್ಲಿ ನೂಲಿಗೂ ಗತಿಯಿಲ್ಲದೆ ಕೂತಿದ್ದ ನೇಕಾರರನ್ನು ಮಾಚಾನಿ ಸೋಮಪ್ಪನವರು 1938ರಲ್ಲಿ ಒಂದು ಸಹಕಾರ ಸಂಘಕ್ಕೆ ಸೇರಿಸಿದರು. ಎಮ್ಮಿಗನೂರಿನ ಬಟ್ಟೆ ದೂರದ ಊರುಗಳಿಗೆ ಹೋಯಿತು, ಸೋಮಪ್ಪನವರಿಗೆ ಪದ್ಮಶ್ರೀ ಬಂತು. ರೈಲಿಲ್ಲದ ಊರಿನಲ್ಲಿ, ಒಂದು ಗಾಡಿಯ ಅಗಲದ ರಸ್ತೆಯ ಮೇಲೆ ಇಷ್ಟೆಲ್ಲ ಮಾಡಿದರು. ದಾರಿ ಬಂದ ಮೇಲೆ ಏಳಿಗೆ ಎಂದು ಅವರು ಕಾಯುತ್ತ ಕೂತಿದ್ದರೆ ಈ ಶಾಲು ಇರುತ್ತಿರಲಿಲ್ಲ.

ರಸ್ತೆ ಕಟ್ಟುವವರು ನಮ್ಮಲ್ಲಿ ಇಲ್ಲವೆಂದು ಯಾರಾದರೂ ಭಾವಿಸಿದ್ದರೆ ಆ ತಪ್ಪನ್ನೂ ತಿದ್ದಿಬಿಡುತ್ತೇನೆ. ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಬಾರದಿದ್ದರೆ ಅದಕ್ಕೂ ಮೊದಲೇ, ಕೋಸಿಗಿ ಕಡೆಯಿಂದ, ಮಂತ್ರಾಲಯಂ, ಆದೋನಿ, ಎಮ್ಮಿಗನೂರಿನ ಸುತ್ತಲ ಹಳ್ಳಿಗಳಿಂದ ಊರಿಗೆ ಊರೇ ವಲಸೆ ಹೊರಡುತ್ತದೆ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು. ಬೆಂಗಳೂರಿಗೆ, ಹೈದರಾಬಾದಿಗೆ ಕಾಂಕ್ರೀಟು ಕಲಸಲು, ಜಲ್ಲಿ ಹಾಸಲು, ಡಾಂಬರಿನ ಹೊಗೆಯಲ್ಲಿ ನಿಲ್ಲಲು. ಪಾತ್ರೆ, ಕೌದಿ, ಜೋಳದ ಚೀಲ, ಮಕ್ಕಳು ಎಲ್ಲ ಒಂದೇ ಗಾಡಿಯಲ್ಲಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ಉಗಾದಿಯವರೆಗೂ ಗೈರು. ಆರು ಲೇನಿನ ರಸ್ತೆಗೆ ಯಾವ ಪದರದ ಮೇಲೆ ಯಾವ ಪದರ, ರೋಲರು ಯಾವಾಗ ಓಡಬೇಕು, ಎಷ್ಟು ನೀರು ಚೆಲ್ಲಬೇಕು ಎಂಬುದು ಈ ಹೆಂಗಸರಿಗೆ ಗೊತ್ತು. ತಮ್ಮೂರಿನ ಗುಂಡಿಗಳನ್ನು ದಾಟಿಕೊಂಡು ಹೋಗಿ ಬೇರೆಯವರ ರಸ್ತೆಯನ್ನು ಹಾಸಿ ಬರುತ್ತಾರೆ. ನಮ್ಮ ದಾರಿಗೆ ಟೆಂಡರು ಕರೆದು, ಕೆಲಸ ಹಿಡಿದವರು ಆಳುಗಳನ್ನು ಬೇರೆ ರಾಜ್ಯದಿಂದ ಕರೆತಂದು ಶೆಡ್ಡಿನಲ್ಲಿ ಇಡುವಾಗ, ನಮ್ಮವರು ಇನ್ನೊಂದು ಊರಿನ ಶೆಡ್ಡಿನಲ್ಲಿರುತ್ತಾರೆ. ಈ ಏರ್ಪಾಡನ್ನು ಯಾರು ಯೋಚಿಸಿದರೋ ಅವರಿಗೂ ಒಂದು ಹಾರ ಹಾಕಬೇಕಾಗಿತ್ತು. ಹೆಸರು ತಿಳಿಯಲಿಲ್ಲ.

ಕಲ್ಲಪ್ಪನವರೆ, ತಮಗೆ ಈ ಶಾಲು, ಈ ಹಾರ, ಫಲತಾಂಬೂಲ, ಜೊತೆಗೆ ಮಾನಪತ್ರ. ಮಾನಪತ್ರವನ್ನು ಗಮ್ಮಿನಿಂದ ಅಂಟಿಸಲು ನೋಡಿದರು, ತಮ್ಮ ಮೈ ಬಿಸಿಲಿಗೆ ಕಾದಿರುವುದರಿಂದ ಹಿಡಿಯಲಿಲ್ಲ. ಹಗ್ಗದಿಂದ ಕಟ್ಟಿದ್ದೇವೆ. ಫೋಟೋ ತೆಗೆಯುವವರು ಸ್ವಲ್ಪ ಈಚೆ ಬನ್ನಿ, ಅಲ್ಲಿ ಪೈರು ತುಳಿಯುತ್ತಿದ್ದೀರಿ.

ಕಾರ್ಯಕ್ರಮ ಪಟ್ಟಿಯಲ್ಲಿ ಕೊನೆಗೆ ವಂದನಾರ್ಪಣೆ, ಹೊಲದ ಯಜಮಾನರಿಂದ ಎಂದಿದೆ. ಯಜಮಾನರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆಣಸಿನಕಾಯಿಗೆ ಗುಂಟೂರಿಗೆ ಹೋಗಿದ್ದಾರೆ, ಉಗಾದಿಗೆ ಬರುತ್ತಾರಂತೆ. ಅವರ ಪರವಾಗಿ ತಾಯಿಯವರು ಬಂದಿದ್ದಾರೆ. ಅವ್ವ, ಒಂದು ಮಾತು ಹೇಳಿ ಎಂದು ನಾವು ಮೈಕು ಹಿಡಿದರೆ, ನಂಗೆ ಮಾತು ಬರಂಗಿಲ್ಲ ಎಂದರು. ಮೈಕು ತೆಗೆಯುವಾಗ, 'ರೊಕ್ಕ ಯಾವಾಗ ಬರ್ತೈತಪ್ಪಾ?' ಎಂದು ಕೇಳಿದರು. ಮೈಕು ಇನ್ನೂ ಆನ್ ಇತ್ತು, ನೀವೆಲ್ಲ ಕೇಳಿಸಿಕೊಂಡಿರಿ. ವೇದಿಕೆಯ ಮೇಲಿನವರಲ್ಲಿ ಗೊತ್ತಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಅವರಿಗೆ ಹೇಳಿ ಹೋಗಬೇಕು. ಆ ಬೇವಿನ ಮರದ ಕೆಳಗೆ ಉಗ್ಗಾಣಿ, ಬಜ್ಜಿ ಇದೆ. ಆದೋನಿ ಕಡೆಯ ಬಸ್ಸಿಗೆ ಹೋಗುವವರು ಮೊದಲು ತಿನ್ನಿ.